ಪೈ ಮೇಲೆ ಐ-ತ್ರೀ, ಸ್ವೇ, ಡಿಡಬ್ಲ್ಯುಎಂ: ಕನ್ನಡ ಬರೆಯೋರಿಗೆ ಯಾವುದು?

ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ನನ್ನ ಬರವಣಿಗೆ, ತಮ್ಮನ ಓದು ಎರಡೂ ನಡೆಯೋದು 4 ಜಿಬಿಯ ಒಂದು ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್ ಮೇಲೆ. ಮಾನಿಟರ್ ಹಳೆಯದು, 1366×768. ಇಷ್ಟು ಚಿಕ್ಕ ಪರದೆಯಲ್ಲಿ ಕಿಟಕಿಗಳು ಒಂದರ ಮೇಲೊಂದು ಬಿದ್ದರೆ ಕೆಲಸ ಸಾಗೋದಿಲ್ಲ. ಟೈಲಿಂಗ್ ವಿಂಡೋ ಮ್ಯಾನೇಜರ್, ಅಂದರೆ ಕಿಟಕಿ ಜೋಡಿಸುವ ಸಾಫ್ಟ್‌ವೇರ್, ಇದ್ದರೆ ಅವು ತಾವೇ ಅಕ್ಕಪಕ್ಕ ಕೂರುತ್ತವೆ, ಮೌಸ್ ಮುಟ್ಟುವ ಕೆಲಸವೂ ಕಮ್ಮಿ. ಡೆಸ್ಕ್‌ಟಾಪ್ ಇಲ್ಲದ ಲೈಟ್ ಓಎಸ್ ಹಾಕಿ, ಅದರ ಮೇಲೆ ಐ-ತ್ರೀ, ಸ್ವೇ, ಡಿಡಬ್ಲ್ಯುಎಂ ಅನ್ನೋ ಇಂಥ ಮೂರನ್ನೂ ಒಂದಾದ ಮೇಲೊಂದು ಬಳಸಿ ನೋಡಿದೆ.

ಮೂರರಲ್ಲಿ ಹಗುರ ಯಾವುದು ಅಂದರೆ ಡಿಡಬ್ಲ್ಯುಎಂ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಅಲ್ಲಿ ಉಳಿಸಿದ ರ‍್ಯಾಮನ್ನು ಕ್ರೋಮಿಯಂ ಬ್ರೌಸರ್ ಒಂದೆರಡು ಟ್ಯಾಬ್‌ನಲ್ಲೇ ನುಂಗುತ್ತದೆ. ಹಾಗಾಗಿ ಎಂಬಿ ಲೆಕ್ಕ ಪಕ್ಕಕ್ಕಿಟ್ಟೆ. ಕನ್ನಡ ಹೇಗೆ ಕಾಣುತ್ತದೆ, ಹೇಗೆ ಟೈಪ್ ಆಗುತ್ತದೆ ಅನ್ನೋದನ್ನೇ ನೋಡಿದೆ.

ಡಿಡಬ್ಲ್ಯುಎಂ ನನಗೆ ಹಿಡಿಸದೆ ಇದ್ದದ್ದು ಅಲ್ಲೇ. ಮೇಲಿನ ಪಟ್ಟಿಯಲ್ಲಿ ವಾರದ ಹೆಸರು ಕನ್ನಡದಲ್ಲಿ ಬರಲಿ ಅಂತ ಹಾಕಿದೆ. ಸೋಮವಾರ ಹೇಗೋ ಓದುವ ಹಾಗೆ ಬಂತು. ಶುಕ್ರವಾರ ಬಂದಾಗ ‘ಕ್ರ’ ಒಡೆದು ಹೋಯಿತು: ಮೊದಲು ಕ, ಪಕ್ಕದಲ್ಲಿ ಬರೀ ಅರ್ಧಾಕ್ಷರದ ಚಿಹ್ನೆ, ಆಮೇಲೆ ರ. ಕಡತದ ಹೆಸರಲ್ಲಿ ‘ಕರ್ನಾಟಕ’ ಅಂತಿದ್ದರೂ ಅದೇ ಪಾಡು. ಫಾಂಟ್ ಬದಲಿಸಿದರೆ ಇದು ಸರಿಹೋಗೋದಿಲ್ಲ. ಡಿಡಬ್ಲ್ಯುಎಂ ಅಕ್ಷರ ಬರೆಯೋದು ಎಕ್ಸ್‌ಎಫ್‌ಟಿ ಅನ್ನೋ ಲೈಬ್ರರಿ ಮೂಲಕ. ಅದಕ್ಕೆ ಒತ್ತಕ್ಷರ ಕೂಡಿಸೋದು ಗೊತ್ತಿಲ್ಲ. ಐ-ತ್ರೀ ಮತ್ತು ಸ್ವೇ ಈ ಕೆಲಸಕ್ಕೆ ಅಕ್ಷರ ಕೂಡಿಸಲು ಬಲ್ಲ ಪ್ಯಾಂಗೊ ಲೈಬ್ರರಿ ಬಳಸುತ್ತವೆ, ಹಾಗಾಗಿ ಒತ್ತು, ಅರ್ಕಾವತ್ತು ಎಲ್ಲ ತಮ್ಮ ಜಾಗದಲ್ಲೇ ಕೂರುತ್ತವೆ. ಗುಬ್ಬಿ, ನವಿಲು ಎರಡೂ ಫಾಂಟ್ ಪೈ ಓಎಸ್‌ಗೆ ಆಧಾರವಾದ ಡೆಬಿಯನ್ ಭಂಡಾರದಲ್ಲೇ ಇವೆ, ಒಂದು ಆಜ್ಞೆಗೆ ಬರುತ್ತವೆ.

2006ರಲ್ಲಿ ಬಂದ ಈ ಡಿಡಬ್ಲ್ಯುಎಂ ಬಗ್ಗೆ ನನಗೆ ಗೌರವ ಇದೆ. ಕೋಡ್ ಚಿಕ್ಕದು, ಕೂತು ಓದಿದರೆ ಪೂರ್ತಿ ಅರ್ಥವಾಗುತ್ತದೆ. ಪೈ ಮೇಲೂ ಕಂಪೈಲ್ (ಕೋಡಿನಿಂದ ಪ್ರೋಗ್ರಾಂ ಕಟ್ಟೋದು) ಆಗೋದಕ್ಕೆ ಹೊತ್ತು ಹಿಡಿಯೋದಿಲ್ಲ. ಆದರೆ ಒಂದು ಬಣ್ಣ ಬದಲಿಸಬೇಕಾದರೂ ಹೆಡರ್ ಫೈಲ್ ತಿದ್ದಬೇಕು, ಮತ್ತೆ ಕಂಪೈಲ್ ಮಾಡಬೇಕು, ಹೊರಗೆ ಹೋಗಿ ಒಳಗೆ ಬರಬೇಕು. ಅಷ್ಟರಲ್ಲಿ ತೆರೆದಿಟ್ಟ ಕಿಟಕಿಗಳೆಲ್ಲ ಹೋಗಿರುತ್ತವೆ. ಇನ್ನೊಂದು ಎಚ್ಚರಿಕೆ: ಐ-ತ್ರೀಯಲ್ಲಿ ಮಾಡ್ (ಆಲ್ಟ್ ಅಥವಾ ವಿಂಡೋಸ್ ಕೀಲಿ), ಶಿಫ್ಟ್, ಕ್ಯೂ ಒತ್ತಿದರೆ ಎದುರಿನ ಕಿಟಕಿ ಒಂದೇ ಮುಚ್ಚುತ್ತದೆ. ಡಿಡಬ್ಲ್ಯುಎಂನಲ್ಲಿ ಅದೇ ಮೂರು ಕೀಲಿ ಒತ್ತಿದರೆ ಇಡೀ ಡೆಸ್ಕ್‌ಟಾಪೇ ಮುಚ್ಚಿಹೋಗುತ್ತದೆ. ಎರಡನ್ನೂ ಒಟ್ಟಿಗೆ ಕಲಿಯೋಕೆ ಹೋಗಬೇಡಿ.

ಐ-ತ್ರೀ 2009ರದು. ಮೊದಲ ಸಲ ಟೈಲಿಂಗ್ ಮುಟ್ಟೋರಿಗೆ ನಾನು ಹೇಳೋದು ಇದನ್ನೇ. ಸೆಟ್ಟಿಂಗ್ ಎಲ್ಲ ಒಂದೇ ಫೈಲಿನಲ್ಲಿ, ಸರಳ ಸಾಲುಗಳಲ್ಲಿ ಇದೆ. ತಿದ್ದಿ, ಮಾಡ್, ಶಿಫ್ಟ್, ಸಿ ಒತ್ತಿದರೆ ಆಯ್ತು, ತೆರೆದ ಕಿಟಕಿಗಳು ಹಾಗೇ ಇರುತ್ತವೆ. ಬಳಕೆಯಲ್ಲಿರುವ ಕಿಟಕಿಯ ಅಂಚಿಗೆ ನಮ್ಮ ಇಳಕಲ್ ಸೀರೆಯ ಸೆರಗಿನ ಕೆಂಪು ಕೊಟ್ಟೆ, ಉಳಿದವಕ್ಕೆ ಮಾಸಲು ಬೂದು. ಕೈ ಯಾವ ಕಿಟಕಿಯಲ್ಲಿದೆ ಅಂತ ಹುಡುಕುವ ಹಾಗೇ ಇಲ್ಲ. ನನ್ನ ತಮ್ಮ ಮೊದಲ ದಿನ “ಅಣ್ಣಾ, ಇದನ್ನ ಮುಚ್ಚೂ ಗುಂಡಿ ಎಲ್ಲಿ ಐತಿ?” ಅಂತ ಕೇಳಿದ. ಕೀಲಿ ಹೇಳಿಕೊಟ್ಟೆ, ಆಮೇಲೆ ಕೇಳಲಿಲ್ಲ. ಚಿಕ್ಕ ಪರದೆಗೆ ಇದರ ಟ್ಯಾಬ್ ಜೋಡಣೆ ಬಹಳ ಒಳ್ಳೆಯದು. ಮಾಡ್ ಜೊತೆ ಡಬ್ಲ್ಯು ಒತ್ತಿದರೆ ಪ್ರತಿ ಕಿಟಕಿಗೂ ಪೂರ್ತಿ ಜಾಗ ಸಿಗುತ್ತದೆ.

ಐ-ತ್ರೀಯಲ್ಲಿ ಎರಡು ತೊಂದರೆ ಕಂಡವು. ವಿಡಿಯೊ ನೋಡುವಾಗ, ಪಿಡಿಎಫ್ ಸರಿಸುವಾಗ ಪರದೆ ಅಡ್ಡಕ್ಕೆ ಸೀಳಿದಂತೆ ಕಾಣುತ್ತದೆ. ಅದಕ್ಕೆ ಪಿಕಾಮ್ ಅಂತ ಇನ್ನೊಂದು ಸಾಫ್ಟ್‌ವೇರ್ ಬೇಕು. ಎರಡನೆಯದು ಕೀಬೋರ್ಡ್. ಕನ್ನಡ ಲೇಔಟನ್ನು ಸೆಟ್‌ಎಕ್ಸ್‌ಕೆಬಿಮ್ಯಾಪ್ ಆಜ್ಞೆಯಿಂದ ಹಾಕಬೇಕು. ಯುಎಸ್‌ಬಿ ಕೀಬೋರ್ಡ್ ಒಮ್ಮೆ ಕಿತ್ತು ಮತ್ತೆ ಚುಚ್ಚಿದರೆ ಕನ್ನಡ ಮಾಯ! ಆ ಆಜ್ಞೆಯನ್ನು ಮತ್ತೆ ಕೊಡಬೇಕು.

ಸ್ವೇಯಲ್ಲಿ ಇವೆರಡೂ ಇಲ್ಲ. ಅದು ಐ-ತ್ರೀಯ ನಡವಳಿಕೆಯನ್ನೇ ವೇಲ್ಯಾಂಡ್ (ಪರದೆಗೆ ಚಿತ್ರ ಕಳಿಸುವ ಹೊಸ ವ್ಯವಸ್ಥೆ) ಮೇಲೆ ಕೊಡುತ್ತದೆ, 1.0 ಆವೃತ್ತಿ 2019ರಲ್ಲಿ ಬಂತು. ಪರದೆ ಸೀಳೋದಿಲ್ಲ. ಕೀಬೋರ್ಡ್ ಲೇಔಟ್, ಮಾನಿಟರ್ ಅಳತೆ, ವಾಲ್‌ಪೇಪರ್ ಎಲ್ಲ ಅದೇ ಒಂದು ಫೈಲಿನಲ್ಲಿ. ಲೇಔಟ್ ಸಾಲಿನಲ್ಲಿ ಯುಎಸ್, ಕಾಮಾ, ಐಎನ್ ಅಂತ ಬರೆಯಿರಿ. ವೇರಿಯಂಟ್ ಸಾಲಿನಲ್ಲಿ ಇಂಗ್ಲಿಷ್‌ನ ಜಾಗ ಖಾಲಿ ಬಿಟ್ಟು, ಮೊದಲು ಕಾಮಾ ಹಾಕಿ, ಆಮೇಲೆ ಕೆಎಎನ್. ಆ ಮೊದಲ ಕಾಮಾ ಬಿಟ್ಟರೆ ಇಂಗ್ಲಿಷ್ ಲೇಔಟೇ ಕೆಡುತ್ತದೆ. ಕಗಪ (ಕನ್ನಡ ಗಣಕ ಪರಿಷತ್ತಿನ) ವಿನ್ಯಾಸ ರೂಢಿ ಇರೋರಿಗೆ ಅದರ ವೇರಿಯಂಟೂ ಬೇರೆ ಇದೆ. ಆಲ್ಟ್, ಶಿಫ್ಟ್ ಒತ್ತಿದರೆ ಭಾಷೆ ಬದಲಾಗುವ ಹಾಗೆ ಇಟ್ಟಿದ್ದೇನೆ. ಕೀಬೋರ್ಡ್ ಎಷ್ಟು ಸಲ ಕಿತ್ತು ಚುಚ್ಚಿದರೂ ಕನ್ನಡ ಹೋಗೋದಿಲ್ಲ. ಪೈ ತಯಾರಕರೂ 2023ರಲ್ಲಿ ಪೈ 4 ಮತ್ತು 5ರ ಡೆಸ್ಕ್‌ಟಾಪನ್ನು ವೇಲ್ಯಾಂಡ್‌ಗೆ ತಂದರು, 2024ರಲ್ಲಿ ಉಳಿದ ಪೈಗಳನ್ನೂ. ಮುಂದಿನ ಸುಧಾರಣೆ ಜಾಸ್ತಿ ಆ ಕಡೆಗೇ ಬರುತ್ತದೆ, ಅಲ್ವಾ? ನಮ್ಮ ಮನೆಯ ಪೈ ಮೇಲೆ ಈಗ ಇರೋದು ಸ್ವೇ.

ಒಂದು ಗುಂಪಿಗೆ ಮಾತ್ರ ಸ್ವೇ ಬೇಡ ಅನ್ನುತ್ತೇನೆ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಕನ್ನಡ ಬರಿಸೋರಿಗೆ ಐಬಸ್ ಅನ್ನೋ ಟೈಪಿಂಗ್ ಸಾಫ್ಟ್‌ವೇರ್ ಬೇಕಾಗುತ್ತದೆ. ಅದು ಐ-ತ್ರೀ ಜೊತೆ ಸಲೀಸಾಗಿ ಹೊಂದುತ್ತದೆ. ಸ್ವೇಯಲ್ಲಿ ಅಂಥದ್ದೇ ಇನ್ನೊಂದಾದ ಎಫ್‌ಸಿಐಟಿಎಕ್ಸ್ 5 ಕಡೆಗೆ ಹೋಗಬೇಕು, ಹೊಂದಿಸೋಕೆ ತಾಳ್ಮೆ ಬೇಕು.

ಯಾವುದನ್ನು ಹಾಕಿದರೂ ಪಟ್ಟಿಯಲ್ಲಿ ಚಿಪ್‌ನ ಬಿಸಿ ತೋರಿಸೋದು ಇರಲಿ. ನಮ್ಮ ಕಡೆ ಏಪ್ರಿಲ್, ಮೇ ಬಿಸಿಲಿನಲ್ಲಿ ಕೋಣೆಯೇ ಕಾದಿರುತ್ತದೆ. ಚಿಪ್ 80 ಡಿಗ್ರಿ ದಾಟಿದರೆ ಪೈ ತಾನೇ ವೇಗ ಇಳಿಸುತ್ತದೆ. ಆಗ ಸುಮ್ನೆ ಡೆಸ್ಕ್‌ಟಾಪ್‌ಗೆ ಬೈಯೋ ಬದಲು ಒಂದು ಹೀಟ್‌ಸಿಂಕ್, ಪುಟ್ಟ ಫ್ಯಾನ್ ಕೂರಿಸಿ. ಬಿಸಿ ತೋರಿಸೋಕೆ ಐ-ತ್ರೀ, ಸ್ವೇ ಎರಡಕ್ಕೂ ಐ-ತ್ರೀ-ಸ್ಟೇಟಸ್ ಅನ್ನೋ ಸಾಧನ ಸಾಕು. ಡಿಡಬ್ಲ್ಯುಎಂಗೆ ನೀವೇ ಸಣ್ಣ ಸ್ಕ್ರಿಪ್ಟ್ ಬರೆಯಬೇಕು.

1 ಜಿಬಿಯ ಪೈ 3 ಇದ್ದೋರು ಐ-ತ್ರೀ ಹಾಕಿಕೊಳ್ಳಿ. ಮುಂದೆ ದೊಡ್ಡ ಪೈ ತಗೊಂಡು ಸ್ವೇಗೆ ಹೋದರೆ ಅದೇ ಫೈಲ್ ನಕಲು ಮಾಡಿದರೆ ಸಾಕು. ಸೆಟ್‌ಎಕ್ಸ್‌ಕೆಬಿಮ್ಯಾಪ್, ಎಕ್ಸ್‌ರ‍್ಯಾಂಡರ್‌ನಂಥ (ಪರದೆ ಅಳತೆ ಹೊಂದಿಸುವ ಆಜ್ಞೆ) ಹಳೇ ಸಾಲು ಅಳಿಸಿ, ಕೀಬೋರ್ಡ್ ಮತ್ತು ಮಾನಿಟರ್‌ನ ಸಾಲುಗಳನ್ನು ಹೊಸದಾಗಿ ಸೇರಿಸಿ. ಬಣ್ಣ, ಕೀಲಿಗಳೆಲ್ಲ ಹೆಚ್ಚುಕಮ್ಮಿ ಇದ್ದ ಹಾಗೇ ನಡೆಯುತ್ತವೆ.