‘ಜಪಾನ್ ಪ್ರೆಸ್, ಓಬಿ ಸಮೇತ’ ಎಂದ ಮಾತ್ರಕ್ಕೆ ದುಡ್ಡು ಕಳಿಸಬೇಡಿ

ಬ್ರಿಟನ್ನಿನ ರಾಕ್ ತಂಡ ರೇಡಿಯೋಹೆಡ್‌ನ ‘ದ ಬೆಂಡ್ಸ್’ ಆಲ್ಬಮ್ಮಿನ ‘ಜಪಾನ್ ಪ್ರೆಸ್’, ಅಂದರೆ ಜಪಾನಿನಲ್ಲೇ ಒತ್ತಿದ ಸಿಡಿ. ಮೊದಲ ಮುದ್ರಣ, ಡಬ್ಬಿಗೆ ಸುತ್ತುವ ಕಾಗದದ ಪಟ್ಟಿ ಅಂದರೆ ಓಬಿ ಇದೆ, ಎರಡು ಬೋನಸ್ ಹಾಡು ಇವೆ, ಡಿಸ್ಕಿಗೆ ಒಂದು ಗೀರೂ ಇಲ್ಲ. ಜಾಹೀರಾತಿನಲ್ಲಿ ಇದ್ದದ್ದು ಇಷ್ಟು, ಜೊತೆಗೆ ಎರಡು ಫೋಟೋ. ಪಾರ್ಸಲ್ಲಿನಲ್ಲಿ ಬಂದದ್ದು ಕಂಪ್ಯೂಟರಿನಲ್ಲಿ ಬರ್ನ್ ಮಾಡಿದ ಸಿಡಿ-ಆರ್, ಇಂಕ್‌ಜೆಟ್ ಪ್ರಿಂಟರಿನ ಓಬಿ, ಎಂಪಿ3ಯಿಂದ ಎತ್ತಿದ ಬೋನಸ್ ಹಾಡು. ವಿಷಯ ಬಯಲಾಗುವ ಹೊತ್ತಿಗೆ ಹಣ ವಾಪಸ್ ಕೇಳುವ ಗಡುವು ಮುಗಿದಿತ್ತು. ಮಾರಿದವರು ಯಾರೆಂಬುದು ಇಲ್ಲಿ ಮುಖ್ಯವಲ್ಲ. ಹೆಸರು ಬದಲಿಸಿಕೊಂಡು ಇಂಥವರು ಬರುತ್ತಲೇ ಇರುತ್ತಾರೆ. ಮಾಲು ಹೇಗೆ ಸಿಕ್ಕಿಬಿತ್ತು ಎಂಬುದನ್ನು ಬರೆದಿಟ್ಟರೆ ಉಳಿದವರಿಗೆ ಉಪಯೋಗ.

ಈ ಸಿಡಿಗಳಿಗೆ ಯಾಕಿಷ್ಟು ಬೇಡಿಕೆ ಎಂದು ತಿಳಿದಿದ್ದರೆ ಮೋಸ ಎಲ್ಲಿ ನಡೆಯುತ್ತದೆ ಎಂಬುದೂ ತಿಳಿಯುತ್ತದೆ. ಪುಸ್ತಕ, ಪತ್ರಿಕೆ, ರೆಕಾರ್ಡುಗಳ ಚಿಲ್ಲರೆ ಬೆಲೆಯನ್ನು ತಯಾರಕರೇ ನಿಗದಿ ಮಾಡಲು ಜಪಾನಿನಲ್ಲಿ 1953ರಿಂದ ಕಾನೂನಿನ ಅವಕಾಶವಿದೆ. ಹೊಸ ಸಿಡಿಗೆ ಅಂಗಡಿಯವರು ತಮ್ಮಿಷ್ಟಕ್ಕೆ ರಿಯಾಯಿತಿ ಕೊಡುವಂತಿಲ್ಲ. ಆದರೆ ಅಮೆರಿಕ, ಯುರೋಪಿನಿಂದ ಆಮದಾದ ಅದೇ ಆಲ್ಬಮ್ಮಿಗೆ ಈ ಕಟ್ಟಿಲ್ಲ. ಹಾಗಾಗಿ ಪಕ್ಕದ ಕಪಾಟಿನಲ್ಲೇ ಅದು ಅಗ್ಗಕ್ಕೆ ಸಿಗುತ್ತಿತ್ತು. ಸುಮಾರು 2,500 ಯೆನ್ನಿನ ತಮ್ಮ ಸಿಡಿಯನ್ನು ಜನ ಕೊಳ್ಳಬೇಕಾದರೆ ಏನಾದರೂ ಹೆಚ್ಚಿಗೆ ಕೊಡಬೇಕು. ಅದಕ್ಕೇ ಜಪಾನ್ ಕಂಪನಿಗಳು ಒಂದೆರಡು ಹಾಡು ಹೆಚ್ಚಿಗೆ ಕೇಳಿ ಪಡೆದವು, ಸಾಹಿತ್ಯದ ಜಪಾನೀ ಅನುವಾದ ಹಾಕಿದವು, ವಿಮರ್ಶಕರಿಂದ ಪರಿಚಯ ಲೇಖನ ಬರೆಸಿದವು. ಎಷ್ಟೋ ಸಲ ಬೇರೆ ದೇಶಗಳಿಗಿಂತ ಮೊದಲೇ ಬಿಡುಗಡೆಯನ್ನೂ ಮಾಡಿದವು: ‘ಓಕೆ ಕಂಪ್ಯೂಟರ್’ ಜಪಾನಿನಲ್ಲಿ ಬಂದದ್ದು 1997ರ ಮೇ 21ಕ್ಕೆ, ಬ್ರಿಟನ್ನಿನಲ್ಲಿ ಜೂನ್ 16ಕ್ಕೆ. ಟೋಕಿಯೋದ ಗಿರಾಕಿಯನ್ನು ಹಿಡಿದಿಡಲು ಮಾಡಿದ ಉಪಾಯಕ್ಕೆ ಲಂಡನ್ನಿನವರೂ ಬೆಂಗಳೂರಿನವರೂ ಇವತ್ತಿಗೂ ದುಡ್ಡು ಸುರಿಯುತ್ತಿದ್ದಾರೆ.

ಮ್ಯೂಸ್ ತಂಡದ ‘ಆರಿಜಿನ್ ಆಫ್ ಸಿಮೆಟ್ರಿ’ಯಲ್ಲಿ ‘ಫ್ಯೂಚರಿಸಂ’, ಕೋಲ್ಡ್‌ಪ್ಲೇಯ ‘ಪ್ಯಾರಾಶೂಟ್ಸ್’ನಲ್ಲಿ ‘ಕೇರ್‌ಫುಲ್ ವೇರ್ ಯು ಸ್ಟ್ಯಾಂಡ್’ ಮತ್ತು ‘ಫಾರ್ ಯು’, ಡಾಫ್ಟ್ ಪಂಕ್‌ನ ‘ರ‍್ಯಾಂಡಮ್ ಆಕ್ಸೆಸ್ ಮೆಮರೀಸ್’ನಲ್ಲಿ ‘ಹೊರೈಜನ್’. ಜಪಾನ್ ಆವೃತ್ತಿಯ ಹೆಚ್ಚುವರಿ ಹಾಡುಗಳೆಂದರೆ ಇಂಥವು. ಆದರೆ ‘ಜಪಾನಿನಲ್ಲಿ ಮಾತ್ರ’ ಎಂಬ ಮಾತನ್ನು ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ‘ಹೊರೈಜನ್’ 2023ರ ಹತ್ತನೇ ವರ್ಷದ ಆವೃತ್ತಿಯಲ್ಲಿ ಎಲ್ಲ ಕಡೆಯೂ ಬಂತು. ‘ದ ಬೆಂಡ್ಸ್’ನ ‘ಹೌ ಕ್ಯಾನ್ ಯು ಬಿ ಶ್ಯೂರ್’ ಮತ್ತು ‘ಕಿಲ್ಲರ್ ಕಾರ್ಸ್’ ಆ ಕಾಲದ ಬ್ರಿಟಿಷ್ ಸಿಂಗಲ್ಲುಗಳಲ್ಲೇ ಇವೆ, 2009ರ ಕಲೆಕ್ಟರ್ಸ್ ಆವೃತ್ತಿಯ ಎರಡನೇ ಡಿಸ್ಕಿನಲ್ಲೂ ಇವೆ. ಬೇಕಿರುವುದು ಹಾಡು ಮಾತ್ರವಾದರೆ ಈ ರಗಳೆಯೇ ಬೇಡ, ಆ ಆವೃತ್ತಿ ತರಿಸಿಕೊಳ್ಳಿ. ಜಪಾನ್ ಸಿಡಿಯೇ ಬೇಕು ಅನ್ನುವವರು ಮುಂದಿನದನ್ನು ಓದಿ.

ಮೊದಲು ಓಬಿ. ಡಬ್ಬಿಯ ಎಡ ಬೆನ್ನನ್ನು ಬಳಸಿ ಮುಂದೆ ಹಿಂದೆ ಬರುವ ಕಾಗದದ ಪಟ್ಟಿ ಇದು. ಜಪಾನೀ ಹೆಸರು, ಕ್ಯಾಟಲಾಗ್ ಸಂಖ್ಯೆ, ಬೆಲೆ ಎಲ್ಲ ಇರುವುದು ಇದರ ಮೇಲೆ. ಹರಿದು ಬಿಸಾಡುವವರೇ ಹೆಚ್ಚಾದ್ದರಿಂದ ಉಳಿದ ಓಬಿಗೆ ಬೆಲೆ. ಬೆಲೆ ಇದೆ ಎಂದೇ ನಕಲಿ. ನಮ್ಮ ನಕಲಿ ಸಿಕ್ಕಿಬಿದ್ದದ್ದು ಬೆಲೆಯ ಸಾಲಿನಲ್ಲಿ. ಅದರಲ್ಲಿ ತೆರಿಗೆ ಸೇರಿ 2,548 ಯೆನ್, ತೆರಿಗೆ ಬಿಟ್ಟು 2,427 ಯೆನ್ ಎಂದಿತ್ತು. ಲೆಕ್ಕ ಹಾಕಿದರೆ ತೆರಿಗೆ ಶೇಕಡಾ 5. ಜಪಾನಿನಲ್ಲಿ ಈ ತೆರಿಗೆ ಶುರುವಾದದ್ದು 1989ರ ಏಪ್ರಿಲ್‌ನಲ್ಲಿ, ಶೇಕಡಾ 3ಕ್ಕೆ. 5 ಆದದ್ದು 1997ರ ಏಪ್ರಿಲ್‌ನಲ್ಲಿ, 8 ಆದದ್ದು 2014ರ ಏಪ್ರಿಲ್‌ನಲ್ಲಿ, 10 ಆದದ್ದು 2019ರ ಅಕ್ಟೋಬರ್‌ನಲ್ಲಿ. 1995ರ ಆಲ್ಬಮ್ಮಿನ ‘ಮೊದಲ ಮುದ್ರಣ’ದ ಮೇಲೆ 5 ಬರಲು ಸಾಧ್ಯವೇ ಇಲ್ಲ, ಅದೇ 2,427ಕ್ಕೆ 3 ಸೇರಿಸಿದರೆ ಸರಿಯಾಗಿ 2,500 ಆಗಬೇಕಿತ್ತು. 5 ಇದ್ದ ಮಾತ್ರಕ್ಕೆ ನಕಲಿ ಅಂತಲ್ಲ, ಆಮೇಲಿನ ಅಸಲಿ ಮರುಮುದ್ರಣವೂ ಇರಬಹುದು. ಆದರೆ ಮೊದಲ ಮುದ್ರಣವಂತೂ ಅಲ್ಲ. ಇಷ್ಟನ್ನು ಫೋಟೋ ನೋಡಿಯೇ, ದುಡ್ಡು ಕೊಡುವ ಮೊದಲೇ ಹೇಳಬಹುದು.

ಕೈಗೆ ಬಂದ ಮೇಲೆ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಹಿಡಿದು ಓಬಿಯ ಸಣ್ಣ ಕಪ್ಪು ಅಕ್ಷರಗಳನ್ನು ನೋಡಿ. ಆಫ್‌ಸೆಟ್ ಮುದ್ರಣದಲ್ಲಿ ಕಪ್ಪು ಅಕ್ಷರ ಅಚ್ಚ ಕಪ್ಪು, ಅಂಚು ಚೂಪು. ಸ್ಕ್ಯಾನ್ ಮಾಡಿ ಇಂಕ್‌ಜೆಟ್‌ನಲ್ಲಿ ತೆಗೆದದ್ದಾದರೆ ಅಕ್ಷರದ ಸುತ್ತ ನೀಲಿ, ಕೆಂಪು, ಹಳದಿ ಚುಕ್ಕಿಗಳು ಚೆಲ್ಲಿಕೊಂಡಿರುತ್ತವೆ, ಕಾಂಜಿ ಎಂಬ ಜಪಾನೀ ಲಿಪಿಯ ಒಳಗೆರೆಗಳು ಕಲಸಿಹೋಗಿರುತ್ತವೆ. ಒದ್ದೆ ಬೆರಳು ತಾಗಿಸಿದರೆ ಬಣ್ಣ ಬಿಡುವುದೂ ಉಂಟು. ಅಸಲಿಯ ಮೇಲೆ ಆ ಪ್ರಯೋಗ ಮಾಡಲು ಹೋಗಬೇಡಿ. ಬಾರ್‌ಕೋಡ್ ಇದ್ದರೆ ಅದು 49 ಅಥವಾ 45ರಿಂದ ಶುರುವಾಗಬೇಕು. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದಾಗ ಬರುವ ಅಂಕಿಯೂ ಕೆಳಗೆ ಅಚ್ಚಾದ ಅಂಕಿಯೂ ಒಂದೇ ಇರಬೇಕು.

ಇನ್ನು ಡಿಸ್ಕು. ಸಿಡಿ-ಆರ್ ಎಂದರೆ ಹಸಿರು-ನೀಲಿ ತಳ ಎಂದು ನೆಚ್ಚಿಕೊಳ್ಳಬೇಡಿ, ಬೆಳ್ಳಿ ಬಣ್ಣದ ಸಿಡಿ-ಆರ್ ಬೇಕಾದಷ್ಟು ಸಿಗುತ್ತವೆ. ನೋಡಬೇಕಾದ್ದು ನಡುವಿನ ತೂತಿನ ಸುತ್ತ ಇರುವ ಕನ್ನಡಿಯಂಥ ಉಂಗುರವನ್ನು. ಕಾರ್ಖಾನೆಯಲ್ಲಿ ಒತ್ತಿದ ಡಿಸ್ಕಿನಲ್ಲಿ ಅಲ್ಲಿ ಮ್ಯಾಟ್ರಿಕ್ಸ್ ಸಂಖ್ಯೆ, ಅಂದರೆ ಯಾವ ಅಚ್ಚಿನಿಂದ ಒತ್ತಿದ್ದು ಎಂಬ ಗುರುತು ಇರುತ್ತದೆ. ಜಪಾನ್ ಡಿಸ್ಕಾದರೆ ಸಾಮಾನ್ಯವಾಗಿ ಓಬಿಯ ಕ್ಯಾಟಲಾಗ್ ಸಂಖ್ಯೆಯೇ ಅದರಲ್ಲಿ ಕಾಣುತ್ತದೆ. ಐಎಫ್‌ಪಿಐ ಎಂಬ, ಡಿಸ್ಕು ತಯಾರಾದ ಕಾರ್ಖಾನೆಯನ್ನು ಗುರುತಿಸುವ ಪುಟ್ಟ ಸಂಕೇತ ಬಳಕೆಗೆ ಬಂದದ್ದು 1994ರಲ್ಲಿ. 1990ರ ಮೊದಲ ಮುದ್ರಣ ಎಂದು ಮಾರುವ ಡಿಸ್ಕಿನಲ್ಲಿ ಅದಿದ್ದರೆ ಕೇಳುವುದೇ ಬೇಡ, ಅದು ಆಮೇಲೆ ಒತ್ತಿದ್ದು. ನಮ್ಮ ನಕಲಿಯಲ್ಲಿ ಆ ಉಂಗುರದ ಮೇಲೆ ಖಾಲಿ ಡಿಸ್ಕಿನ ಬ್ಯಾಚ್ ಸಂಖ್ಯೆಯಷ್ಟೇ ಇತ್ತು. ಖಚಿತವಾಗಬೇಕಾದರೆ ಕಂಪ್ಯೂಟರ್ ಡ್ರೈವಿಗೆ ಹಾಕಿ ಎಟಿಐಪಿ ಮಾಹಿತಿ ಓದಿಸಿ. ಸಿಡಿ-ಆರ್ ತಯಾರಾಗುವಾಗಲೇ ತೋಡಿನಲ್ಲಿ ಅಚ್ಚಾಗುವ ಗುರುತು ಅದು. ಒತ್ತಿದ ಸಿಡಿಯಲ್ಲಿ ಇರುವುದಿಲ್ಲ.

ಬೋನಸ್ ಹಾಡನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ನಕಲಿ ಮಾಡುವವರು ಮಾಮೂಲಿ ಸಿಡಿಯಿಂದ 12 ಹಾಡು ಇಳಿಸಿಕೊಂಡು, ಕೊನೆಯ ಎರಡನ್ನು ಎಲ್ಲಿಂದಲೋ ತಂದ ಎಂಪಿ3ಯಿಂದ ತುಂಬುತ್ತಾರೆ. ಡಿಸ್ಕನ್ನು ವೇವ್ ಫೈಲುಗಳಾಗಿ ಇಳಿಸಿ, ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ತೆರೆದು, ಧ್ವನಿಯ ಆವರ್ತನಗಳನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮ್ ನೋಟಕ್ಕೆ ಹೋಗಿ. ಸಿಡಿಯ ಸ್ಯಾಂಪಲ್ ದರ 44.1 ಕಿಲೋಹರ್ಟ್ಸ್, ಹಾಗಾಗಿ ಧ್ವನಿ 22 ಕಿಲೋಹರ್ಟ್ಸ್‌ವರೆಗೂ ಹೋಗಬಲ್ಲದು. 1ರಿಂದ 12ರವರೆಗೆ ತಾಳವಾದ್ಯದ ಗೆರೆಗಳು ಮೇಲಿನವರೆಗೂ ಹೋಗಿ, 13 ಮತ್ತು 14ರಲ್ಲಿ ಮಾತ್ರ 16 ಕಿಲೋಹರ್ಟ್ಸ್ ಹತ್ತಿರ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನಿಂತರೆ ಅದು ಕಡಿಮೆ ಬಿಟ್‌ರೇಟಿನ ಎಂಪಿ3. ನಮ್ಮ ಡಿಸ್ಕಿನಲ್ಲಿ ಕಂಡದ್ದು ಹೀಗೇ.

ನಕಲಿಯಲ್ಲದಿದ್ದರೂ ನಿರಾಸೆ ತರುವ ಮಾಲು ಇದೆ. ಡಿಸ್ಕು ಯುರೋಪಿನದು, ಅದಕ್ಕೆ ಜಪಾನಿನಲ್ಲಿ ಓಬಿ ಮತ್ತು ಅನುವಾದದ ಹಾಳೆ ಸೇರಿಸಿ ಮಾರಿದ್ದು. ಇದು ಕಾನೂನುಬದ್ಧ, ಅಸಲಿಯೇ, ಆದರೆ ಎಷ್ಟೋ ಸಲ ಬೋನಸ್ ಹಾಡು ಇರುವುದಿಲ್ಲ. ಸಿಡಿ ಬಾಡಿಗೆ ಅಂಗಡಿಯಿಂದ ಹೊರಬಿದ್ದ ಪ್ರತಿಗಳಲ್ಲಿ ಬುಕ್‌ಲೆಟ್ಟಿನ ಮೇಲೂ ಡಿಸ್ಕಿನ ಮೇಲೂ ಕೀಳಲಾಗದ ಸ್ಟಿಕ್ಕರ್. 2002ರ ನಂತರ ಕೆಲವು ವರ್ಷ ಬಂದ, ನಕಲು ತಡೆಯುವ ಕಾಪಿ ಕಂಟ್ರೋಲ್ ಡಿಸ್ಕುಗಳು ಕಂಪ್ಯೂಟರಿನಲ್ಲಿ, ಕಾರ್ ಸ್ಟೀರಿಯೋದಲ್ಲಿ ತಕರಾರು ಮಾಡುತ್ತವೆ, ಹಿಂಬದಿಯಲ್ಲಿ ಆ ಗುರುತು ಇದೆಯೇ ನೋಡಿ. ಬೋನಸ್ಸನ್ನು ಡೌನ್‌ಲೋಡ್ ಕೋಡಿನ ರೂಪದಲ್ಲಿ ಕೊಟ್ಟ ಆಲ್ಬಮ್ಮಾದರೆ ಆ ಕೋಡಿನ ಅವಧಿ ಯಾವತ್ತೋ ಮುಗಿದಿರುತ್ತದೆ. ಜೊತೆಗೆ ಡಿವಿಡಿ ಇದೆ ಎಂದು ಹೆಚ್ಚು ಕೊಡುವವರು ಗಮನಿಸಿ: ಯಾವ ಪ್ರದೇಶದ ಪ್ಲೇಯರಿನಲ್ಲಿ ಓಡಬೇಕೆಂಬ ರೀಜನ್ ಸಂಕೇತ ಡಿವಿಡಿಗೆ ಇರುತ್ತದೆ. ಜಪಾನ್ ರೀಜನ್ 2, ಭಾರತ ರೀಜನ್ 5, ಎಲ್ಲ ರೀಜನ್ ಓದುವ ಪ್ಲೇಯರ್ ಬೇಕು. ಎಸ್‌ಎಚ್‌ಎಂ-ಸಿಡಿ ಎಂಬುದು ಬೇರೆ ಬಗೆಯ ಪಾಲಿಕಾರ್ಬನೇಟ್ ಅಷ್ಟೇ, ಮಾಸ್ಟರ್ (ಒತ್ತಲು ಬಳಸಿದ ಮೂಲ ಪ್ರತಿ) ಒಂದೇ ಆಗಿದ್ದರೆ ಒಳಗಿನ ಡೇಟಾ ಅದೇ. ಅದಕ್ಕಾಗಿ ದುಪ್ಪಟ್ಟು ಕೊಡುವುದು ನಮಗಂತೂ ಒಪ್ಪಿಗೆಯಿಲ್ಲ.

ದುಡ್ಡು ಕಳಿಸುವ ಮೊದಲು ನಾಲ್ಕು ಫೋಟೋ ಕೇಳಿ: ಬೆಲೆಯ ಸಾಲು ಕಾಣುವಂತೆ ಓಬಿಯ ಹಿಂಭಾಗ, ಓರೆ ಬೆಳಕಿನಲ್ಲಿ ಡಿಸ್ಕಿನ ತಳ, ಮ್ಯಾಟ್ರಿಕ್ಸ್ ಉಂಗುರ ಹತ್ತಿರದಿಂದ, ಬುಕ್‌ಲೆಟ್ಟಿನ ಕೊನೆಯ ಪುಟ. ಸಿಡಿ, ರೆಕಾರ್ಡುಗಳ ವಿವರ ಪಟ್ಟಿ ಮಾಡುವ ಡಿಸ್ಕಾಗ್ಸ್ ಎಂಬ ಜಾಲತಾಣದಲ್ಲಿ ಅದೇ ಕ್ಯಾಟಲಾಗ್ ಸಂಖ್ಯೆಯ ಪುಟ ತೆರೆದು ಮ್ಯಾಟ್ರಿಕ್ಸ್ ಮತ್ತು ಹಾಡಿನ ಪಟ್ಟಿ ಹೋಲಿಸಿ. ಸಂಖ್ಯೆಯ ಕೊನೆಯ ಒಂದು ಅಂಕಿ ಬೇರೆಯಾದರೂ ಅದು ಬೇರೆ ಮುದ್ರಣ. ‘ಸೀಲ್ ಒಡೆದಿಲ್ಲ, ಒಳಗಿನ ಫೋಟೋ ಕೊಡಲಾಗದು’ ಎನ್ನುವವರು ಓಬಿಯ ಫೋಟೋ ಆದರೂ ಕೊಡಲೇಬೇಕು, ಅದು ಪ್ಲಾಸ್ಟಿಕ್ಕಿನ ಹೊರಗಿಂದಲೇ ಕಾಣುತ್ತದೆ. ಜಪಾನಿನ ಹರಾಜು ತಾಣಗಳಲ್ಲಿ ‘ನೋ ಕ್ಲೇಮ್, ನೋ ರಿಟರ್ನ್’ ಎಂದು ಬರೆದಿದ್ದರೆ ದೂರಿಗೆ ಕಿವಿಗೊಡುವವರಿಲ್ಲ ಎಂದೇ ತಿಳಿದು ಬೆಲೆ ಕಟ್ಟಿ.

ಸುಂಕ ತಪ್ಪಿಸಲು ‘ಗಿಫ್ಟ್’ ಎಂದು ಬರೆದು ಕಳಿಸುತ್ತೇನೆ ಎಂದರೆ ಒಪ್ಪಬೇಡಿ. ಗಿಫ್ಟ್ ಪಾರ್ಸಲ್ಲಿಗೆ ಭಾರತದಲ್ಲಿ ಇದ್ದ ಆ ವಿನಾಯಿತಿ 2019ರ ಡಿಸೆಂಬರ್‌ನಲ್ಲೇ ಹೋಯಿತು. ಮೇಲಾಗಿ, ಕಾಗದದಲ್ಲಿ ಕಡಿಮೆ ಬೆಲೆ ಬರೆಸಿಕೊಂಡವರು ಆಮೇಲೆ ಪೂರ್ತಿ ಹಣ ವಾಪಸ್ ಕೇಳಿದರೆ ಅದೇ ಕಾಗದ ಅವರಿಗೆ ಎದುರಾಗುತ್ತದೆ. ಪಾರ್ಸಲ್ ಬಂದ ದಿನವೇ ವಿಡಿಯೋ ಮಾಡಿಕೊಳ್ಳುತ್ತ ಒಡೆಯಿರಿ, ವಿಳಾಸದ ಚೀಟಿಯಿಂದ ಮ್ಯಾಟ್ರಿಕ್ಸ್ ಉಂಗುರದವರೆಗೆ ಎಲ್ಲೂ ನಿಲ್ಲಿಸದೆ. ಎಟಿಐಪಿಯ ಸ್ಕ್ರೀನ್‌ಶಾಟ್, ಬೋನಸ್ ಹಾಡಿನ ಸ್ಪೆಕ್ಟ್ರೋಗ್ರಾಮ್, ಜಾಹೀರಾತಿನ ಪುಟದ ಪ್ರತಿ ಮೂರನ್ನೂ ಸೇರಿಸಿ ಹಣ ಪಾವತಿಸಿದ ಕಡೆಯೇ ದೂರು ಹಾಕಿ. ‘ಸ್ವಲ್ಪ ಕಾಯಿರಿ, ಬೇರೆ ಪ್ರತಿ ಕಳಿಸುತ್ತೇನೆ’ ಎಂಬ ಉತ್ತರ ಬಂದರೂ ದೂರನ್ನು ಹಿಂದಕ್ಕೆ ತೆಗೆದುಕೊಳ್ಳಬೇಡಿ, ಗಡುವು ದಾಟಿಸಲಿಕ್ಕೆಂದೇ ಹಾಗೆ ಹೇಳುವವರಿದ್ದಾರೆ.