30-ಎಫ್11 ಆಂಟಿಬಾಡಿ: ಫ್ಲೋಗೆ ಸೈ, ಬ್ಲಾಟ್‌ಗೆ ಬೇಡ

ಇಲಿಯ ಬಿಳಿರಕ್ತಕಣಗಳನ್ನು ಫ್ಲೋ ಸೈಟೋಮೆಟ್ರಿಯಲ್ಲಿ (ಹೊಳೆಯುವ ಬಣ್ಣದ ಆಂಟಿಬಾಡಿ ಅಂಟಿದ ಕೋಶಗಳನ್ನು ಲೇಸರ್‌ನಡಿ ಒಂದೊಂದಾಗಿ ಓದುವ ವಿಧಾನ) ಬೇರ್ಪಡಿಸುವುದಷ್ಟೇ ಕೆಲಸವಾದರೆ ಸಿಡಿ45 ಪ್ರೋಟೀನ್ ಹಿಡಿಯುವ 30-ಎಫ್11 ಆಂಟಿಬಾಡಿ ಕ್ಲೋನ್ ಬಿಟ್ಟು ಬೇರೆ ಹುಡುಕಬೇಕಿಲ್ಲ. ಸಿಡಿ45 ಎಂಬುದು ಬಿಳಿರಕ್ತಕಣಗಳ ಪೊರೆಯಲ್ಲಿರುವ ಟೈರೋಸಿನ್ ಫಾಸ್ಫಟೇಸ್, ಅಂದರೆ ಪ್ರೋಟೀನ್‌ಗಳ ಟೈರೋಸಿನ್‌ನಿಂದ ಫಾಸ್ಫೇಟ್ ಕಳಚುವ ಕಿಣ್ವ. ಅದರ ಜೀನ್‌ನ 4, 5, 6ನೇ ಎಕ್ಸಾನ್‌ಗಳು (ತುಣುಕುಗಳು) ಸೇರುವ, ಬಿಟ್ಟುಹೋಗುವ ಕಾರಣಕ್ಕೆ ಹಲವು ಐಸೋಫಾರ್ಮ್‌ಗಳಿವೆ, ಅಂದರೆ ರೂಪಗಳಿವೆ. ರ್ಯಾಟ್ ಐಜಿಜಿ2ಬಿ (ರ್ಯಾಟ್ ಮೂಲದ, ಐಜಿಜಿ2ಬಿ ವರ್ಗದ ಆಂಟಿಬಾಡಿ) ಆದ ಈ ಕ್ಲೋನ್ ಅವೆಲ್ಲವನ್ನೂ ಹಿಡಿಯುತ್ತದೆ, ಇಲಿ ತಳಿಗಳ ನಡುವಿನ ಸಿಡಿ45.1, ಸಿಡಿ45.2 ಎಂಬ ಭೇದವನ್ನೂ ಮಾಡುವುದಿಲ್ಲ. ಮಜ್ಜೆಯ ಕಸಿ ಪ್ರಯೋಗದಲ್ಲಿ ಇದೇ ಗುಣ ತೊಡಕು. ದಾನಿಯ ಕೋಶ ಯಾವುದು, ಪಡೆದ ಇಲಿಯದು ಯಾವುದು ಎಂದು ತಿಳಿಯಲು ಎ20 (ಸಿಡಿ45.1 ಹಿಡಿಯುವ ಕ್ಲೋನ್) ಮತ್ತು 104 (ಸಿಡಿ45.2 ಹಿಡಿಯುವುದು) ಜೋಡಿಯೇ ಬೇಕು. ಕ್ಯಾಟಲಾಗ್‌ನಲ್ಲಿ ‘ಸಿಡಿ45ಆರ್’ ಎಂದಿದ್ದರೆ ಕೈ ಬಿಗಿಹಿಡಿಯಿರಿ: ಅದು ಸಾಮಾನ್ಯವಾಗಿ ಬಿ220 ಎಂಬ ಐಸೋಫಾರ್ಮ್ ಹಿಡಿಯುವ ಆರ್‌ಎ3-6ಬಿ2 ಕ್ಲೋನ್, ಬಹುಮಟ್ಟಿಗೆ ಬಿ ಕೋಶಗಳಿಗಷ್ಟೇ.

ಆಂಟಿಬಾಡಿಗೆ ಕಟ್ಟಿದ ಹೊಳೆಯುವ ಬಣ್ಣದ ಆಯ್ಕೆಯಲ್ಲಿ ದುಂದು ಬೇಡ. ಲಿಂಫೋಸೈಟ್‌ಗಳ ಮೇಲೆ ಸಿಡಿ45 ಹೇರಳವಾಗಿರುವುದರಿಂದ ಪಿಇಯಂಥ ಪ್ರಖರ ಬಣ್ಣವನ್ನು ಇದಕ್ಕೆ ಕೊಟ್ಟರೆ ಪಕ್ಕದ ಚಾನೆಲ್‌ಗಳಿಗೆ ಸೋರಿ ಅಲ್ಲಿನ ಮಂದ ಗುರುತುಗಳು ಮುಚ್ಚಿಹೋಗುತ್ತವೆ. ಪರ್‌ಸಿಪಿಯಂಥ ಮಂದ ಬಣ್ಣ ಧಾರಾಳವಾಗಿ ಸಾಕು. ಮಿದುಳಿನ ರಕ್ಷಕ ಕೋಶಗಳಾದ ಮೈಕ್ರೋಗ್ಲಿಯಾ ಇದಕ್ಕೆ ಹೊರತು. ಅವುಗಳಲ್ಲಿ ಸಿಡಿ45 ಕಡಿಮೆ, ಅಲ್ಲಿ ಪ್ರಖರ ಬಣ್ಣವೇ ಬೇಕು.

ಟೈಟ್ರೇಶನ್, ಅಂದರೆ ಸರಿಯಾದ ಪ್ರಮಾಣ ಹುಡುಕುವ ಪರೀಕ್ಷೆ, ತಪ್ಪಿಸಬೇಡಿ. 100 ಮೈಕ್ರೋಲೀಟರ್‌ನಲ್ಲಿ 10 ಲಕ್ಷ ಗುಲ್ಮ ಕೋಶಗಳಿಗೆ 1 ಮೈಕ್ರೋಗ್ರಾಂನಿಂದ ಶುರುಮಾಡಿ ಅರ್ಧರ್ಧ ಇಳಿಸುತ್ತಾ 0.03ರವರೆಗೆ ಹೋಗಿ; 4 ಡಿಗ್ರಿಯಲ್ಲಿ, ಕತ್ತಲೆಯಲ್ಲಿ 20ರಿಂದ 30 ನಿಮಿಷ. ಕೆಂಪುಕಣ ಒಡೆದ ಮೇಲೆ ಗುಲ್ಮದಲ್ಲಿ ಉಳಿಯುವುದೆಲ್ಲ ಹೆಚ್ಚುಕಡಿಮೆ ಪಾಸಿಟಿವ್. ಹಿನ್ನೆಲೆ ಅಳೆಯಲು ನೆಗೆಟಿವ್ ಕೋಶಗಳೇ ಇಲ್ಲದಂತಾಗುತ್ತದೆ, ಹಾಗಾಗಿ ಸಿಡಿ45 ಇಲ್ಲದ ಇಲಿಯ 3ಟಿ3 ಕೋಶಗಳನ್ನು ಬೆರೆಸಿ. ಎಫ್‌ಸಿ ತಡೆಗೆ (ಕೋಶದ ಎಫ್‌ಸಿ ಗ್ರಾಹಕಗಳಿಗೆ ಆಂಟಿಬಾಡಿ ಸುಮ್ಮನೆ ಅಂಟದಂತೆ ಮುಚ್ಚಲು) ಬಳಸುವ 2.4ಜಿ2 ಆಂಟಿಬಾಡಿ ಕೂಡ ರ್ಯಾಟ್ ಐಜಿಜಿ2ಬಿ. ಬಣ್ಣವಿಲ್ಲದ 30-ಎಫ್11 ಕೊಂಡು ರ್ಯಾಟ್ ವಿರೋಧಿ ಸೆಕೆಂಡರಿ (ರ್ಯಾಟ್ ಆಂಟಿಬಾಡಿಯನ್ನೇ ಹಿಡಿಯುವ, ಬಣ್ಣ ಕಟ್ಟಿದ ಎರಡನೇ ಆಂಟಿಬಾಡಿ) ಹಾಕುವವರಿಗೆ ಈ ತಡೆಯೇ ಸುಳ್ಳು ಹೊಳಪು ಕೊಡುತ್ತದೆ.

ವೆಸ್ಟರ್ನ್ ಬ್ಲಾಟ್‌ಗೆ (ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರದಂತೆ ಬಿಡಿಸಿ, ಹಾಳೆಗೆ ವರ್ಗಾಯಿಸಿ ಆಂಟಿಬಾಡಿಯಿಂದ ಗುರುತಿಸುವ ವಿಧಾನ) 30-ಎಫ್11 ಅನ್ನು ನೆಚ್ಚಬೇಡಿ. ಮಡಿಕೆ ಬಿಚ್ಚಿದ ಪ್ರೋಟೀನ್‌ಗೆ, ಸಿಡಿ45ರ ಕೋಶದೊಳಗಿನ ಭಾಗ ಹಿಡಿಯುವ ಬೇರೆ ಆಂಟಿಬಾಡಿ ಕೊಳ್ಳಿ. 180ರಿಂದ 220 ಕಿಲೋಡಾಲ್ಟನ್ ಪಟ್ಟಿ ಬಿಡಿಸಲು ಶೇ. 6ರ ಜೆಲ್, ನಿಧಾನದ ವೆಟ್ ಟ್ರಾನ್ಸ್‌ಫರ್. ಆದರೆ ಆ ಒಳಭಾಗದ ಆಂಟಿಬಾಡಿ ಫ್ಲೋನಲ್ಲಿ ಪೊರೆ ಒಡೆಯದ ಜೀವಂತ ಕೋಶವನ್ನು ಮುಟ್ಟದು. ಮಿನುಗುವುದು ಸತ್ತವು ಮಾತ್ರ. ಫಾರ್ಮಲಿನ್-ಪ್ಯಾರಫಿನ್ ಸ್ಲೈಡ್‌ಗೂ 30-ಎಫ್11 ಬೇಡ, ಡಿ3ಎಫ್8ಕ್ಯೂ ಎಂಬ ಮೊಲದ ಕ್ಲೋನ್ ನೋಡಿ.

ಫಾಸ್ಫಟೇಸ್ ಚಟುವಟಿಕೆ ಅಳೆಯುವುದು ಬೇರೆಯೇ ಮಾತು. ಹೊಳಪು ಹೆಚ್ಚಿದರೆ ಪ್ರೋಟೀನ್ ಹೆಚ್ಚಿದೆ ಎಂದಷ್ಟೇ ಅರ್ಥ. ಚಟುವಟಿಕೆಗೆ ಕೋಶ ಒಡೆದು ಸಿಡಿ45 ಅನ್ನು ಮಣಿಗಳ ಮೇಲೆ ಹಿಡಿಯಬೇಕು. ಆಂಟಿಬಾಡಿ ಹಿಡಿಯಲು ಮಣಿಗೆ ಕಟ್ಟುವ ಪ್ರೋಟೀನ್ ಎಗೆ ರ್ಯಾಟ್ ಐಜಿಜಿ2ಬಿ ಅಂಟದು, ಪ್ರೋಟೀನ್ ಜಿ ಮಣಿಗಳನ್ನೇ ತೆಗೆದುಕೊಳ್ಳಿ. ಬಹುತೇಕ ಲ್ಯಾಬ್‌ಗಳ ಲೈಸಿಸ್ ಬಫರ್‌ನಲ್ಲಿ (ಕೋಶ ಒಡೆಯುವ ದ್ರಾವಣ) ಸೋಡಿಯಂ ಆರ್ಥೋವೆನಡೇಟ್ ರೂಢಿಯಂತೆ ಇದ್ದೇ ಇರುತ್ತದೆ. ಅದು ಈ ಕಿಣ್ವವನ್ನೇ ಕಟ್ಟಿಹಾಕುತ್ತದೆ, ಬಿಟ್ಟುಬಿಡಿ. ಅಯೊಡೋಅಸಿಟಮೈಡ್ ಕೂಡ ಸಕ್ರಿಯ ಜಾಗದ ಸಿಸ್ಟೀನ್ ಕೆಡಿಸುತ್ತದೆ. ಮಣಿ ತೊಳೆದ ಮೇಲೆ ಸಿಸ್ಟೀನ್ ಕಾಪಾಡುವ ಡಿಟಿಟಿಯನ್ನು ಹೊಸದಾಗಿ ಕರಗಿಸಿ ಹಾಕಿ, ಬಳಿಕ ಫಾಸ್ಫೇಟ್ ಕಳಚಿದಾಗ ಹಳದಿಯಾಗುವ ಪಿಎನ್‌ಪಿಪಿ ಹಾಕಿ; ಸೋಡಿಯಂ ಹೈಡ್ರಾಕ್ಸೈಡ್‌ನಿಂದ ನಿಲ್ಲಿಸಿ 405 ನ್ಯಾನೋಮೀಟರ್‌ನಲ್ಲಿ ಹಳದಿ ಓದಿ. ಐಸೋಟೈಪ್ (ಅದೇ ವರ್ಗದ, ಆದರೆ ಸಿಡಿ45 ಹಿಡಿಯದ ಆಂಟಿಬಾಡಿ) ಹಿಡಿದ ಮಣಿಯ ಹೋಲಿಕೆ ಇಲ್ಲದೆ ಆ ಸಂಖ್ಯೆಗೆ ಬೆಲೆಯಿಲ್ಲ.

ಬಾಟಲಿ ದೊಡ್ಡದು ಬೇಕಿಲ್ಲ: ಟೈಟ್ರೇಶನ್ 0.125 ಮೈಕ್ರೋಗ್ರಾಂಗೆ ನಿಂತರೆ 25 ಮೈಕ್ರೋಗ್ರಾಂ 200 ಟ್ಯೂಬ್‌ಗೆ ಬರುತ್ತದೆ. ಬಣ್ಣ ಕಟ್ಟಿದ್ದನ್ನು ಫ್ರೀಜರ್‌ಗೆ ಮಾತ್ರ ಹಾಕಬೇಡಿ.