ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಇದೆಯಾ? ಈ ಮಳೆಗಾಲದಲ್ಲಿ ಅದನ್ನು ಒಮ್ಮೆ ಐಸಿನಲ್ಲಿಟ್ಟು ನೋಡಿ

ಕೋಳಿ, ಹಂದಿ ಮಾಂಸ ಒಳಗೆ ಬೆಂದಿದೆಯಾ ಅಂತ ನೋಡಲು ಮನೆಯಲ್ಲಿ ಡಿಜಿಟಲ್ ಥರ್ಮಾಮೀಟರ್ ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಉದ್ದನೆ ಸ್ಟೀಲ್ ಕಡ್ಡಿ, ಅದರ ಮೇಲೆ ಪ್ಲಾಸ್ಟಿಕ್ ತಲೆ, ತಲೆಯಲ್ಲಿ ಅಂಕಿ ತೋರಿಸುವ ಪುಟ್ಟ ಪರದೆ, ಆ ಥರದ್ದು. ಅದರೊಳಗೆ ನೀರಿನ ಪಸೆ ಸೇರಿದರೆ ಎಷ್ಟೋ ಸಲ ಅದು ಕೆಟ್ಟು ನಿಂತುಹೋಗುವುದಿಲ್ಲ. ಎಂದಿನ ಹಾಗೇ ಓಡುತ್ತದೆ. ಆದರೆ ಇರುವ ಬಿಸಿಗಿಂತ ಜಾಸ್ತಿ ತೋರಿಸುತ್ತದೆ. ಅಂದರೆ ಬೇಯದ ಮಾಂಸವನ್ನು ಬೆಂದಿದೆ ಅನ್ನುತ್ತದೆ. ನಮ್ಮ ಮನೆಯಲ್ಲಿ ಇದೇ ಆಗಿ ಅಕ್ಕನ ಮಗ ಆಸ್ಪತ್ರೆ ಸೇರಬೇಕಾಯಿತು.

ನಮ್ಮದು ತೀರ್ಥಹಳ್ಳಿ ಕಡೆ. ಕಡುಬು, ಕೋಳಿ ಸಾರು ಮಾಡುವ ಮನೆಗೆ ಥರ್ಮಾಮೀಟರ್ ಯಾಕೆ ಅಂತ ಕೇಳಬಹುದು. ಸಾರಿಗೆ ಬೇಡವೇ ಬೇಡ. ನಾಟಿ ಕೋಳಿ ತಳಮಳ ಕುದಿದು ಮೆತ್ತಗಾಗುವ ಹೊತ್ತಿಗೆ ಒಳಗೆ ಹಸಿ ಉಳಿಯುವ ಮಾತೇ ಇಲ್ಲ. ಕುಕ್ಕರಿನಲ್ಲಿ ಇಟ್ಟದ್ದಕ್ಕೂ ಬೇಡ. ಆದರೆ ಮನೆಗೆ ಓಟಿಜಿ ಒವನ್ ಬಂದ ಮೇಲೆ ಬ್ರಾಯ್ಲರ್ ಕೋಳಿಯನ್ನು ಇಡಿಯಾಗಿ ಮಸಾಲೆ ಹಚ್ಚಿ ಸುಡುವುದು ಶುರುವಾಯಿತು. ಇಡೀ ಕೋಳಿಯ ಕಥೆ ಬೇರೆ. ಎದೆ ಭಾಗ ಬೆಂದು ಒಣಗತೊಡಗಿದರೂ ತೊಡೆ ಕೀಲಿನ ಹತ್ತಿರ ಹಸಿ ಇರಬಹುದು. ಮೇಲಿನ ಚರ್ಮ ಕಂದಾಗಿದೆ ಅಂತ ಒಳಗಿನದನ್ನು ಹೇಳಲು ಬರುವುದಿಲ್ಲ. ಮೂಳೆ ಹತ್ತಿರದ ಕೆಂಪು ನೋಡಿ ಹೇಳುವುದೂ ಕಷ್ಟ. ಎಳೆ ಬ್ರಾಯ್ಲರ್‌ನಲ್ಲಿ ಪೂರ್ತಿ ಬೆಂದ ಮೇಲೂ ಮೂಳೆಯೊಳಗಿನ ಬಣ್ಣ ಸೋರಿ ಪಕ್ಕದ ಮಾಂಸ ಕೆಂಪಗೆ ಕಾಣುವುದುಂಟು. ಅದಕ್ಕೇ ಥರ್ಮಾಮೀಟರ್ ಬೇಕಾಗುವುದು. ಕೋಳಿಯ ದಪ್ಪ ಭಾಗದ ನಡುವೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಲ್ಮೊನೆಲ್ಲಾ, ಕ್ಯಾಂಪೈಲೋಬ್ಯಾಕ್ಟರ್ ಥರದ ರೋಗಾಣುಗಳು ಕೂಡಲೇ ಸಾಯುತ್ತವೆ. ಇದು ಒಳ್ಳೆಯ ಲೆಕ್ಕ. ಈಗಲೂ ನಾನು ಅದನ್ನೇ ನಂಬುತ್ತೇನೆ.

ಆಷಾಢಕ್ಕೆ ತಂಗಿ ತವರಿಗೆ ಬಂದಿದ್ದಳು. ಅವಳನ್ನು ನೋಡಲು ಅಕ್ಕ, ಭಾವ, ಮಕ್ಕಳು ಬಂದರು. ಪುನರ್ವಸು ಮಳೆ ಬಿಡದೆ ಹೊಡೆಯುತ್ತಿತ್ತು. ಕೋಳಿ ಒವನ್ನಿಗೆ ಹೋಗಿ ಚರ್ಮ ಬಣ್ಣ ತಿರುಗುವ ಹೊತ್ತಿಗೆ ಕರೆಂಟ್ ಹೋಯಿತು. ಬಂತು, ಮತ್ತೆ ಹೋಯಿತು, ಮತ್ತೆ ಬಂತು. ಮಲೆನಾಡಿನಲ್ಲಿ ಇದೇನು ಹೊಸದಲ್ಲ. ಆದರೆ ಇಷ್ಟು ನಿಮಿಷ ಅನ್ನುವ ಲೆಕ್ಕ ಅಲ್ಲಿಗೆ ಕೆಟ್ಟಿತು. ಇಂಥ ಹೊತ್ತಿಗೆ ಆಗಲಿ ಅಂತಲೇ ಥರ್ಮಾಮೀಟರ್ ಇಟ್ಟುಕೊಳ್ಳುವುದು ಅಲ್ವಾ? ತೊಡೆಯ ಒಳಮಗ್ಗುಲಿಗೆ, ಮೂಳೆಗೆ ತಾಗದ ಹಾಗೆ ಚುಚ್ಚಿದೆ. ಅಂಕಿ ಸರಸರ ಏರಿ 79ಕ್ಕೆ ನಿಂತಿತು. ಇನ್ನೊಂದು ತೊಡೆಗೂ ಚುಚ್ಚಿ ನೋಡಿದೆ, 80. "ಆಯ್ತಲ್ಲ, ಇಳ್ಸು ಮಾರಾಯ" ಅಂದರು ಭಾವ. ಊಟಕ್ಕೆ ಕೂರುವಾಗ ಮತ್ತೆ ಕರೆಂಟ್ ಇಲ್ಲ. ಎಮರ್ಜೆನ್ಸಿ ಲೈಟಿನಲ್ಲಿ ಉಂಡೆವು. ಒಂದು ಕಾಲು ಅಕ್ಕನ ಮಗನಿಗೆ, ಇನ್ನೊಂದರಲ್ಲಿ ಅರ್ಧ ತಂಗಿಗೆ. ಮಿಕ್ಕವರೆಲ್ಲ ಎದೆ ಭಾಗ ತಿಂದೆವು.

ಮಾರನೇ ದಿನ ಏನೂ ಇಲ್ಲ. ಅದರ ಮಾರನೇ ದಿನ ಸಂಜೆ ಹುಡುಗನಿಗೆ ಜ್ವರ, ಹೊಟ್ಟೆ ಹಿಡಿದು ತಿರುಚುವ ನೋವು, ಆಮೇಲೆ ಭೇದಿ. ರಾತ್ರಿ ಆಗುವಾಗ ಭೇದಿಯಲ್ಲಿ ರಕ್ತ ಕಂಡಿತು. ಓಆರ್‌ಎಸ್ ಕುಡಿಸಿದರೆ ಅದೂ ವಾಂತಿ. ಶಿವಮೊಗ್ಗಕ್ಕೆ 60 ಕಿಲೋಮೀಟರ್ ಚಿಲ್ಲರೆ. ಆ ಮಳೆಯಲ್ಲಿ ಮಂಡಗದ್ದೆ ದಾಟುವಷ್ಟರಲ್ಲಿ ಅವನು ಕಣ್ಣು ಬಿಡಲೂ ಆಗದಷ್ಟು ಸುಸ್ತಾಗಿದ್ದ. ಅಕ್ಕ ದಾರಿಯುದ್ದಕ್ಕೂ ಅವನ ಕೆನ್ನೆ ತಟ್ಟುತ್ತಾ ಮಾತಾಡಿಸುತ್ತಲೇ ಇದ್ದಳು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ಉಳಿಸಿಕೊಂಡರು. ಡಾಕ್ಟರು ಮೊದಲು ಕೇಳಿದ್ದೇ ಎರಡು ಮೂರು ದಿನದ ಹಿಂದೆ ಕೋಳಿ ತಿಂದಿದ್ದನಾ ಅಂತ. ಮನೆಯಿಂದ ತಂಗಿಗೂ ಶುರುವಾಗಿದೆ ಅಂತ ಫೋನ್ ಬಂತು. ಎದೆ ಭಾಗ ತಿಂದ ಒಬ್ಬರಿಗೂ ಏನೂ ಆಗಿರಲಿಲ್ಲ.

ಹುಡುಗ ಈಗ ಆರಾಮಾಗಿದ್ದಾನೆ. ತಂಗಿಗೆ ಮಾತ್ರೆಯಲ್ಲೇ ವಾಸಿಯಾಯಿತು.

ತಂಗಿ ಬಿಟ್ಟ ಆ ಅರ್ಧ ಕಾಲು ಫ್ರಿಜ್ಜಿನಲ್ಲೇ ಇತ್ತು. ಅಮ್ಮ ಅದನ್ನು ಹಗಲು ಬೆಳಕಿಗೆ ತಂದು ಕೀಲು ತಿರುವಿ ಬಿಡಿಸಿದರು. ಬೆಂದ ಕೋಳಿಯಾದರೆ ಕೀಲು ಸುಲಭವಾಗಿ ಕಳಚುತ್ತದೆ, ಮಾಂಸ ಎಳೆ ಎಳೆಯಾಗಿ ಬಿಡುತ್ತದೆ. ಇದು ರಬ್ಬರಿನಂತೆ ಎಳೆಯಿತು. ಹೊರಗಿನ ಅರ್ಧ ಬೆರಳು ದಪ್ಪ ಬೆಳ್ಳಗೆ ಬೆಂದಿದೆ. ಅದರ ಒಳಗೆ ಮೂಳೆಗೆ ಕಚ್ಚಿಕೊಂಡು ನುಣ್ಣಗೆ ಹೊಳೆಯುವ, ಅರ್ಧ ಪಾರದರ್ಶಕವಾದ ಹಸಿ ಮಾಂಸ. 79 ಡಿಗ್ರಿ ಮುಟ್ಟಿದ ಮಾಂಸ ಹೀಗಿರಲು ಸಾಧ್ಯವೇ ಇಲ್ಲ.

ಆಗ ಥರ್ಮಾಮೀಟರ್ ತೆಗೆದು ಕೂತೆವು. ಸುಮ್ನೆ ಆನ್ ಮಾಡಿ ಮೇಜಿನ ಮೇಲೆ ಇಟ್ಟರೆ 48 ಡಿಗ್ರಿ! ಆ ಚಳಿಗೆ ಮನೆಯವರೆಲ್ಲ ಸ್ವೆಟರ್ ಹಾಕಿಕೊಂಡಿದ್ದೆವು. ಐಸ್ ನೀರಿಗೆ ಇಟ್ಟರೆ 41. ಕುದಿಯುವ ನೀರಿಗೆ ಇಟ್ಟರೆ 102. ಈ ಕೊನೆಯ ಅಂಕಿಯನ್ನು ಚೆನ್ನಾಗಿ ನೋಡಿ. ಐಸಿನಲ್ಲಿ 41 ಡಿಗ್ರಿ ತಪ್ಪು ಹೇಳುವ ಸಾಧನ ಕುದಿಯುವ ನೀರಲ್ಲಿ ಹೆಚ್ಚುಕಡಿಮೆ ಸರಿಯಾಗಿರುವ ಹಾಗೆ ಕಾಣುತ್ತದೆ. ಬಹಳ ಜನ ಮಾಡುವ ಪರೀಕ್ಷೆ ಕುದಿಯುವ ನೀರಿನದ್ದು ಮಾತ್ರ. ಅದರಲ್ಲಿ ಈ ದೋಷ ತಪ್ಪಿಸಿಕೊಂಡುಬಿಡುತ್ತದೆ.

ಯಾಕೆ ಹೀಗೆ ಅಂತ ಊರಿನಲ್ಲಿ ಟಿವಿ ರಿಪೇರಿ ಮಾಡುವವರೊಬ್ಬರು ಬಿಚ್ಚಿ ತೋರಿಸಿದರು. ಪರದೆಯ ಗಾಜಿನ ಒಳಮೈಗೆ ಮಂಜು ಕೂತಿತ್ತು. ಸ್ಟೀಲ್ ಕಡ್ಡಿ ಪ್ಲಾಸ್ಟಿಕ್ ತಲೆಗೆ ಸೇರುವ ಜಾಗದಲ್ಲಿ ಅಂಟು ಅರ್ಧ ಸುತ್ತು ಮಾತ್ರ ಹಾಕಿದ್ದರು, ಉಳಿದ ಅರ್ಧ ಬರೀ ಸಂದಿ. ಕಡ್ಡಿಯನ್ನು ಕೆಳಮುಖ ಮಾಡಿ ಕೊಡವಿದರೆ ಒಂದು ಹನಿ ನೀರು ಬಿತ್ತು. ಕಡ್ಡಿಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡದಾದ ಥರ್ಮಿಸ್ಟರ್ ಇರುತ್ತದೆ. ಬಿಸಿ ಏರಿದಷ್ಟೂ ಅದು ಕರೆಂಟಿಗೆ ಒಡ್ಡುವ ತಡೆ ಕಡಿಮೆಯಾಗುತ್ತದೆ. ಆ ತಡೆ ನೋಡಿಯೇ ಒಳಗಿನ ಚಿಪ್ ಡಿಗ್ರಿ ಲೆಕ್ಕ ಹಾಕುತ್ತದೆ. ತಂತಿಗಳ ನಡುವೆ ನೀರಿನ ಪಸೆ ಸೇರಿದರೆ ಕರೆಂಟಿಗೆ ಇನ್ನೊಂದು ದಾರಿ ಸಿಕ್ಕಿ ಒಟ್ಟು ತಡೆ ಇಳಿಯುತ್ತದೆ. ತಡೆ ಇಳಿಯಿತು ಅಂದರೆ ಬಿಸಿ ಏರಿತು ಅಂತಲೇ ಚಿಪ್ ತಿಳಿಯುತ್ತದೆ. ಹಾಗಾಗಿ ಒದ್ದೆಯಾದ ಇಂಥ ಥರ್ಮಾಮೀಟರ್ ಸಾಮಾನ್ಯವಾಗಿ ಜಾಸ್ತಿ ಕಡೆಗೇ ತಪ್ಪುತ್ತದೆ. ತಣ್ಣಗಿರುವಾಗ ಥರ್ಮಿಸ್ಟರಿನ ತಡೆ ತುಂಬಾ ದೊಡ್ಡದಿರುತ್ತದೆ, ಪಸೆಯ ಕಳ್ಳದಾರಿ ಆಗಲೇ ಜಾಸ್ತಿ ಎದ್ದು ಕಾಣುವುದು. ಕುದಿಯುವ ನೀರಲ್ಲಿ ಅದರ ತಡೆಯೇ ತೀರಾ ಚಿಕ್ಕದು, ಕಳ್ಳದಾರಿಯಿಂದ ಅಷ್ಟೇನೂ ವ್ಯತ್ಯಾಸ ಬೀಳುವುದಿಲ್ಲ. ಅದಕ್ಕೇ ಐಸಿನಲ್ಲಿ ಸಿಕ್ಕಿಬಿದ್ದದ್ದು.

ನನಗೆ ಹೆಚ್ಚು ಭಯವಾದದ್ದು ಇನ್ನೊಂದು ವಿಷಯಕ್ಕೆ. ಅದನ್ನು ಒಲೆ ಪಕ್ಕ ಇಟ್ಟು ಚೆನ್ನಾಗಿ ಒಣಗಿಸಿದರೆ ಐಸಿನಲ್ಲಿ 1 ತೋರಿಸಿತು, ಹೆಚ್ಚುಕಡಿಮೆ ಸರಿ. ಕಡುಬು ಬೇಯುವ ಪಾತ್ರೆಯ ಹಬೆಗೆ ಸ್ವಲ್ಪ ಹೊತ್ತು ಹಿಡಿದರೆ ಮತ್ತೆ ಹುಚ್ಚು ಅಂಕಿ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಸರಿಯಾಗಿ ನಡೆದದ್ದು ಮಳೆಗಾಲದಲ್ಲಿ ಕೈಕೊಡುವುದು ಹೀಗೆ. ನಮ್ಮ ಕಡೆ ಜೂನ್‌ನಿಂದ ಉಪ್ಪಿನ ಡಬ್ಬಿಯಲ್ಲಿ ನೀರೊಡೆಯುತ್ತದೆ, ಬೆಂಕಿಪೊಟ್ಟಣ ಗೀರಿದರೆ ಹತ್ತುವುದಿಲ್ಲ. ಅಂಥ ಹವೆಯಲ್ಲಿ ಸಂದಿ ಬಿಟ್ಟ ಸಾಧನ ಒಳಗೆ ಒಣಗುವುದೇ ಇಲ್ಲ.

ಆನ್‌ಲೈನಿನಲ್ಲಿ ಕೊಂಡದ್ದು. ಮಾರಿದವರ ಹೆಸರು ಇಲ್ಲಿ ಹಾಕುವುದಿಲ್ಲ, ದೂರು ನಡೆಯುತ್ತಿದೆ. ಅವರ ಪುಟದಲ್ಲಿ "ವಾಟರ್ ಪ್ರೂಫ್, ನಲ್ಲಿ ಕೆಳಗೆ ತೊಳೆಯಬಹುದು" ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ನಾವು ಬರೆದು ಕೇಳಿದಾಗ ಬಂದ ಉತ್ತರ, ನೀರಿನಲ್ಲಿ ತೊಳೆದದ್ದರಿಂದ ಹಾಳಾಗಿದೆ, ವಾಪಸ್ ಪಡೆಯುವ ಅವಧಿಯೂ ಮುಗಿದಿದೆ ಅಂತ. ಮಗು ಆಸ್ಪತ್ರೆಯಲ್ಲಿದ್ದ ವಿಷಯಕ್ಕೆ ಒಂದು ಮಾತೂ ಇಲ್ಲ.

ಹೊಸದು ಕೊಳ್ಳುವವರು "ವಾಟರ್ ಪ್ರೂಫ್" ಅನ್ನುವ ಪದವನ್ನು ನಂಬಬೇಡಿ. ಐಪಿ ಅಂತ ಬರೆದು ಮುಂದೆ ಎರಡು ಅಂಕಿ ಇದೆಯಾ ನೋಡಿ. ಐಪಿ 67 ಅಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಇಟ್ಟರೂ ಒಳಗೆ ನೀರು ಹೋಗಬಾರದು. ಐಪಿ 65 ಅಂದರೆ ಚಿಮ್ಮುವ ನೀರು ತಡೆಯುತ್ತದೆ, ಮುಳುಗಿಸುವಂತಿಲ್ಲ. ಅಂಕಿಯೇ ಇಲ್ಲದಿದ್ದರೆ ತಲೆಗೆ ನೀರು ತಾಗಿಸಲೇಬೇಡಿ. ಕಡ್ಡಿಯನ್ನು ಮಾತ್ರ ಸೋಪು ಹಚ್ಚಿದ ಬಟ್ಟೆಯಲ್ಲಿ ಒರೆಸಿ. ಪ್ರತಿ ಸಲ ಚುಚ್ಚಿದ ಮೇಲೂ ಒರೆಸಬೇಕು, ಇಲ್ಲದಿದ್ದರೆ ಹಸಿ ಮಾಂಸದ ರೋಗಾಣು ಬೆಂದ ಮಾಂಸಕ್ಕೆ ಹೋಗುತ್ತದೆ. ಪೆಟ್ಟಿಗೆಯ ಮೇಲೆ ತಯಾರಿಸಿದವರ ಅಥವಾ ಹೊರದೇಶದಿಂದ ತರಿಸಿದವರ ಹೆಸರು, ವಿಳಾಸ ಇರಲೇಬೇಕು ಅಂತ ಕಾನೂನಿದೆ. ನಮ್ಮದರ ಮೇಲೆ ಇರಲಿಲ್ಲ. ಇಲ್ಲದ್ದು ಬಂದರೆ ಆವತ್ತೇ ವಾಪಸ್ ಕಳಿಸಿ.

ಇನ್ನು ಐಸ್ ಪರೀಕ್ಷೆ. ಲೋಟದಲ್ಲಿ ನೀರು ತುಂಬಿ ನಾಲ್ಕು ಐಸ್ ತುಂಡು ತೇಲಿಸಿದರೆ ಸಾಲದು, ಆ ನೀರು ಸೊನ್ನೆಗೆ ಇಳಿದಿರುವುದಿಲ್ಲ. ಐಸನ್ನು ಬಟ್ಟೆಯಲ್ಲಿ ಕಟ್ಟಿ ಕುಟ್ಟಿ ಪುಡಿ ಮಾಡಿ. ಲೋಟದ ತುಂಬ ಪುಡಿ ಹಾಕಿ, ಸಂದಿ ತುಂಬುವಷ್ಟೇ ನೀರು ಬಿಡಿ. ಚೆನ್ನಾಗಿ ಕಲಕಿ ಎರಡು ನಿಮಿಷ ಬಿಟ್ಟು ಕಡ್ಡಿಯ ತುದಿಯನ್ನು ನಡುವೆ ಹಿಡಿಯಿರಿ, ತಳಕ್ಕೂ ಗೋಡೆಗೂ ತಾಗಬಾರದು. ಸೊನ್ನೆ ಬರಬೇಕು. ಒಂದು ಡಿಗ್ರಿ ಆಚೀಚೆ ಆದರೆ ಪರವಾಗಿಲ್ಲ. ಅದಕ್ಕಿಂತ ಜಾಸ್ತಿ ಬಂದರೆ ಆ ಸಾಧನದಲ್ಲಿ ಮಾಂಸ ನೋಡಬೇಡಿ, ಒಣಗಿಸಿದ ಮೇಲೆ ಸರಿಹೋದರೂ ನೋಡಬೇಡಿ. ಕುದಿಯುವ ನೀರಿನ ಪರೀಕ್ಷೆಯನ್ನೂ ಮಾಡುವುದಾದರೆ ಒಂದು ಮಾತು: 100ಕ್ಕಾಗಿ ಕಾಯಬೇಡಿ. ಮೇಲಕ್ಕೆ ಹೋದಂತೆ ನೀರು ಕುದಿಯುವ ಬಿಸಿ ಇಳಿಯುತ್ತದೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿ. ಶಿವಮೊಗ್ಗ, ತೀರ್ಥಹಳ್ಳಿಯಲ್ಲಿ 98ರ ಆಸುಪಾಸು ಬಂದರೆ ಸರಿ. ಚಿಕ್ಕಮಗಳೂರಿನಲ್ಲಿ 96–97. ಇಲ್ಲಿ 102 ಬಂತು ಅಂದರೆ ಅದೇ ದೋಷದ ಸುಳಿವು.

ಅಷ್ಟೆಲ್ಲ ಮಾಡಲು ಹೊತ್ತಿಲ್ಲದ ದಿನ, ಬಿಸಿ ಕೋಳಿಗೆ ಚುಚ್ಚುವ ಮುಂಚೆ ಆನ್ ಮಾಡಿ ಅಂಕಿ ನೋಡಿ. ಆ ಹೊತ್ತಿನ ಹವೆಯ ಬಿಸಿ ತೋರಿಸಬೇಕು. ಮಳೆಗಾಲದ ಅಡುಗೆಮನೆಯಲ್ಲಿ 40 ದಾಟಿದ್ದರೆ ಪಕ್ಕಕ್ಕಿಡಿ.

ಕೋಳಿಗೆ, ಕೋಳಿ ಕೈಮಾಕ್ಕೂ 74. ಕುರಿ, ಹಂದಿ ಕೈಮಾಕ್ಕೆ, ಅದರ ಕಟ್ಲೆಟ್ಟಿಗೆ 71. ಹಂದಿ ಮಾಂಸದ ದೊಡ್ಡ ತುಂಡಿಗೆ 63 ಸಾಕು, ಇಳಿಸಿ ಮೂರು ನಿಮಿಷ ಬಿಡಿ ಅಂತ ಅಮೆರಿಕದ ಕೃಷಿ ಇಲಾಖೆ 2011ರಿಂದ ಹೇಳುತ್ತಿದೆ. ಅದು ಅಲ್ಲಿನ ಫಾರಂ ಹಂದಿಯ ಲೆಕ್ಕ. ನಮ್ಮಲ್ಲಿ ಬಯಲಲ್ಲಿ ಮೇಯುವ ಹಂದಿಯಲ್ಲಿ ಲಾಡಿಹುಳದ ಭಯ ಇದೆ, ಅದಕ್ಕೆ ನಾನು 71ಕ್ಕಿಂತ ಮೊದಲು ಇಳಿಸುವುದಿಲ್ಲ. ಕೆಂಡದ ಮೇಲೆ ಸುಡುವಾಗ, ದಪ್ಪ ತುಂಡಿನ ಕಬಾಬ್ ಕರಿಯುವಾಗ ಇನ್ನೂ ಹುಷಾರಾಗಿರಿ. ಅಲ್ಲಿ ಮೇಲೆ ಕಪ್ಪಾಗುವುದು ಬೇಗ. ಸಾಧನ ಎಷ್ಟೇ ಒಳ್ಳೆಯದಿರಲಿ, ಮಕ್ಕಳ ತಟ್ಟೆಗೆ ಹೋಗುವ ಕಾಲನ್ನು ಅಮ್ಮ ಈಗ ಕೀಲು ಬಿಡಿಸಿ, ಬೆಳಕಿನಲ್ಲಿ ನೋಡಿಯೇ ಬಡಿಸುತ್ತಾರೆ. ಅದನ್ನು ನೀವೂ ಮಾಡಿ.

ನಿಮಗೂ ಹೀಗಾಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಬಿಲ್ಲು, ಪೆಟ್ಟಿಗೆ, ಆಸ್ಪತ್ರೆ ಚೀಟಿ ಎಲ್ಲ ಜೋಪಾನ ಮಾಡಿ. ಐಸಿನಲ್ಲಿಟ್ಟ ಪರೀಕ್ಷೆಯನ್ನು ವಿಡಿಯೋ ಮಾಡಿ. ಸಾಧನವನ್ನು ಬಿಸಾಡಬೇಡಿ, ಅದರ ಗುಂಡಿ ಸೆಲ್ ಮಾತ್ರ ತೆಗೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ, ನುಂಗಿದರೆ ಪ್ರಾಣಕ್ಕೇ ಅಪಾಯ. ಮಾರುವವರ ಪುಟದ ಸ್ಕ್ರೀನ್‌ಶಾಟನ್ನು ದೂರು ಕೊಡುವ ಮುಂಚೆಯೇ ತೆಗೆದಿಟ್ಟುಕೊಳ್ಳಿ. ನಮ್ಮ ದೂರು ಹೋದ ಮೇಲೆ ಅವರ ಪುಟದಲ್ಲಿ "ನಲ್ಲಿ ಕೆಳಗೆ ತೊಳೆಯಬಹುದು" ಅನ್ನುವ ಸಾಲು ಮಾಯವಾಗಿದೆ. ಸಾಧನ ಮಾತ್ರ ಅದೇ ಬೆಲೆಗೆ ಈಗಲೂ ಮಾರಾಟಕ್ಕಿದೆ.